ಮೊದಲು ನಿನ್ನ ಪಕ್ಷ

ನರಸಿಂಹರಾಜಪುರ
೧೨ ಜೂನ್ ೨೦೦೫

ಬೇಸಿಲ್ ಚೇಟ್ಟಾ,

ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನಿನಗೆ ಅರ್ಥವಾಗುತ್ತದೆ. ಅಪ್ಪಚ್ಚನಿಗೆ ಮಲಯಾಳ, ಇಂಗ್ಲಿಷ್, ಲ್ಯಾಟಿನ್ ಮೂರೂ ನೀರು ಕುಡಿದ ಹಾಗೆ. ಕನ್ನಡದ ಕೈಬರಹ ಮಾತ್ರ ಓದಲಿಕ್ಕೆ ಕಷ್ಟ. ಕದ್ದು ಓದುವವರಲ್ಲ ಅವರು. ಆದರೂ.

ಮೊದಲು ಸಂಗತಿ, ಆಮೇಲೆ ಪ್ರಶ್ನೆ. ಹಾಗೆ ತಾನೆ ನಮಗೆ ಕಲಿಸಿದ್ದು. ಅದಕ್ಕೆ ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ.

ನಿನ್ನನ್ನು ಏಳನೇ ಕ್ಲಾಸಿನ ನಂತರ ಶಾಲೆಗೆ ಕಳಿಸಲಿಲ್ಲ. ಹೊಗೆಮನೆಯ ಪಕ್ಕದ ಆ ಉದ್ದ ಮೇಜಿನಲ್ಲಿ ಅಪ್ಪಚ್ಚನ್ ಮಗನಿಗೆ ತಾವೇ ಮೇಷ್ಟ್ರಾಗಿ ನಿನಗೆ ಮೊದಲು ವ್ಯಾಕರಣ, ಆಮೇಲೆ ತರ್ಕ, ಕೊನೆಗೆ ಸಭೆಯಲ್ಲಿ ಮಾತಾಡುವ ಕಲೆ, ಎಲ್ಲದರ ಜೊತೆ ಬೈಬಲ್, ಹೀಗೆ ಕಲಿಸಿದರು. ಹಳೇ ಕಾಲದ ಮಠಗಳಲ್ಲಿ ಕ್ರೈಸ್ತ ಹುಡುಗರಿಗೆ ಹೀಗೇ ಕಲಿಸುತ್ತಿದ್ದರಂತೆ. ರಬ್ಬರ್ ಶೀಟು ಒಣಗುವ ವಾಸನೆಯಲ್ಲಿ ನೀನು ಲ್ಯಾಟಿನ್ ಒಪ್ಪಿಸುವುದನ್ನು ನಾನು ಬಾಗಿಲ ಬಳಿ ನಿಂತು ಕೇಳುತ್ತಿದ್ದೆ. ನಾನು ಹೆಣ್ಣು, ಶಾಲೆಗೆ ಹೋಗಲಿ ಎಂದು ಅಮ್ಮ ಹಟ ಹಿಡಿದಿದ್ದಳು. ನೀನು ಪುಣೆಗೆ ಹೋಗಿ ಐದು ವರ್ಷವಾಗುತ್ತಾ ಬಂತು.

ಹೋದ ವರ್ಷ ನನ್ನನ್ನು ಅಪ್ಪಚ್ಚನ್ ಶಾಲೆ ಬಿಡಿಸಿದರು ಎಂದು ನೀನು ಕೇಳಿರಬಹುದು. ಅದು ಸುಳ್ಳು. ಬಿಟ್ಟವಳು ನಾನೇ. ಇನ್‌ಸ್ಪೆಕ್ಟರ್ ಬರುವ ಮುಂಚೆ ನಮಗೆಲ್ಲ ಉತ್ತರ ಬರೆಸಿ ಬಾಯಿಪಾಠ ಮಾಡಿಸಿದ್ದರು. ಅವರು ಬಂದು "ಇದೆಲ್ಲ ನೀವೇ ಬರೆದದ್ದಾ?" ಎಂದು ಕೇಳಿದರು. ನಾನು ಇಲ್ಲ ಅಂದೆ. ಆಮೇಲೆ ಉತ್ತರ ಬರೆಸಿದ ಮೇಷ್ಟ್ರು ನನ್ನನ್ನು ದಿನಾ ವರಾಂಡದಲ್ಲಿ ನಿಲ್ಲಿಸಿದರು. ನಿಂತು ನಿಂತು ಬೇಜಾರಾಗಿ ಒಂದು ದಿನ ಚೀಲ ತೆಗೆದುಕೊಂಡು ಬಂದುಬಿಟ್ಟೆ. ಅಪ್ಪಚ್ಚನ್ ಬೈಯಲಿಲ್ಲ. ನಿನ್ನ ಕುರ್ಚಿಯ ಧೂಳು ಒರೆಸಿ ಕೂರಿಸಿದರು.

ಇದು ಚೆನ್ನಾಗಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿದೆ. ಬೈಬಲಿನ ಕೀರ್ತನೆಗಳು ಬಾಯಿಗೆ ಬಂದಿವೆ. ಒಂದು ವಾದದ ಹುಳುಕು ಎಲ್ಲಿದೆ ಎಂದು ಕೇಳಿದ ಕೂಡಲೆ ತಿಳಿಯುತ್ತದೆ. ಮೀನಿನವನ ಹತ್ತಿರ ಅಮ್ಮ ಚೌಕಾಸಿ ಮಾಡುವಾಗ ಅವಳದೇ ತಪ್ಪು ಹಿಡಿದು ಬೈಸಿಕೊಂಡೆ. ಆದರೆ ನನ್ನ ಕಾಲು ಮೇಜಿನ ಕೆಳಗೆ ನಿಲ್ಲುವುದಿಲ್ಲ ಚೇಟ್ಟಾ. ನನಗೆ ಬಸ್ ಕಂಡಕ್ಟರ್ ಆಗಬೇಕು. ನಗಬೇಡ. ಶಿವಮೊಗ್ಗದ ಸ್ಟ್ಯಾಂಡಿನಲ್ಲಿ ಸರ್ಕಾರಿ ಬಸ್ಸಿನ ಹೆಂಗಸೊಬ್ಬಳನ್ನು ನೋಡಿದೆ. ಭುಜಕ್ಕೆ ಚರ್ಮದ ಚೀಲ, ಬಾಯಲ್ಲಿ ಸೀಟಿ. ಅವಳು ಊದಿದರೆ ಅಷ್ಟು ದೊಡ್ಡ ಬಸ್ಸು ನಿಲ್ಲುತ್ತದೆ.

ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಹೈಸ್ಕೂಲಿನ ಹೆಡ್‌ಮಾಸ್ಟರ್ ವಾಸಪ್ಪ ಮೇಷ್ಟ್ರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. "ಪ್ರೈವೇಟಾಗಿ ಕಟ್ಟು, ನಾನು ಸಹಿ ಹಾಕ್ತೇನೆ. ಆದ್ರೆ ಈ ವರ್ಷವೇ ಕಟ್ಬೇಕು ಮಾರಾಯ್ತಿ. ಬೇಸಿಗೆಗೆ ನಾನು ರಿಟೈರ್. ಮುಂದೆ ಬರುವವನು ಆ ವರಾಂಡದ ಮೇಷ್ಟ್ರೇ. ನಿನ್ನ ಹೆಸರು ಕೇಳಿದ್ರೆ ಅವನು ಗೇಟು ಹಾಕಿಸ್ತಾನೆ" ಎಂದರು.

ಅಪ್ಪಚ್ಚನ್ ಬೇಡ ಎನ್ನುತ್ತಾರೆ. ಈ ಕಲಿಕೆಯ ಫಲ ತಡವಾಗಿ ಬರುತ್ತದಂತೆ, ರಬ್ಬರ್ ಗಿಡ ಏಳು ವರ್ಷ ಸುಮ್ಮನೆ ನಿಂತು ಆಮೇಲೆ ಆಯುಷ್ಯವೆಲ್ಲ ಹಾಲು ಕೊಟ್ಟ ಹಾಗೆ. ಅದಕ್ಕೆ ಅವರ ಹತ್ತಿರ ಒಂದೇ ಪುರಾವೆ. "ಬೇಸಿಲನ್ನು ನೋಡು." ಶೀಟು ಕೊಳ್ಳಲು ಬಂದವರೂ ಈ ಮಾತು ಕೇಳದೆ ಹೋಗುವಂತಿಲ್ಲ.

ಈಗ ಪ್ರಶ್ನೆ. ಅದು ನಿಜವಾಗಿ ನಿನಗೆ ಉಪಯೋಗಕ್ಕೆ ಬಂತಾ? ನನ್ನ ಜಾಗದಲ್ಲಿ ನೀನಿದ್ದರೆ ಪರೀಕ್ಷೆ ಕಟ್ಟುತ್ತಿದ್ದೆಯಾ?

ಇನ್ನೊಂದು. ನಿನ್ನ ಕಳೆದ ಪತ್ರದ ಅಂಚಿನಲ್ಲಿ ಕಪ್ಪು ಹೆಬ್ಬೆಟ್ಟಿನ ಗುರುತಿತ್ತು. ಅದೇನು?

ಲಿಸ್ಸಿ


ಪುಣೆ
೩ ಜುಲೈ ೨೦೦೫

ನನ್ನ ಪುಟ್ಟ ಲಿಸ್ಸಿಗೆ,

ನೀನು ಇಷ್ಟು ಚೆನ್ನಾಗಿ ಬರೆಯುತ್ತೀ ಎಂಬುದೇ ನಿನ್ನ ಮೊದಲ ಪ್ರಶ್ನೆಗೆ ಉತ್ತರ. ಶಾಲೆಯಲ್ಲಿ ಕೂತ ಯಾವ ಹುಡುಗಿ ಮೊದಲು ಸಂಗತಿ ಇಟ್ಟು ಆಮೇಲೆ ಪ್ರಶ್ನೆ ಕೇಳುತ್ತಾಳೆ?

ನನಗೆ ಉಪಯೋಗವಾಯಿತಾ ಎಂದು ಕೇಳಿದೆ. ಕೇಳು. ಇಲ್ಲಿ ಸೆಮಿನರಿಯಲ್ಲಿ ನನ್ನ ಮುಂದೆ ಬೆಂಚು ತುಂಬ ಹುಡುಗರು. ಎಲ್ಲರೂ ಡಿಗ್ರಿ ಮುಗಿಸಿದವರು. ಅವರಿಗೆ ಲ್ಯಾಟಿನ್ನಿನ ಮೊದಲ ಪಾಠ ಹೇಳುವವನು ನರಸಿಂಹರಾಜಪುರದ ಹೊಗೆಮನೆಯಲ್ಲಿ ಕಲಿತವನು. ಯಾರೂ ನನ್ನ ಹತ್ತಿರ ಸರ್ಟಿಫಿಕೇಟಿನ ಕಾಗದ ಕೇಳಲಿಲ್ಲ. ಬಾಯಿ ಬಿಟ್ಟು ಮಾತಾಡಿದೆ, ಅಷ್ಟೆ. ಜನರ ನಡುವೆ ನಿಂತಾಗ ಕಾಲು ನಡುಗುವುದಿಲ್ಲ. ಒಂಟಿಯಾಗಿ ಕೂತಾಗ ತಲೆಯೊಳಗೆ ಕೀರ್ತನೆಗಳಿರುತ್ತವೆ, ಆದ್ದರಿಂದ ಒಂಟಿ ಅನ್ನಿಸುವುದಿಲ್ಲ. ಇದಕ್ಕಿಂತ ದೊಡ್ಡ ಫಲ ಏನು ಬೇಕು?

ಕಪ್ಪು ಗುರುತು ಸೈಕ್ಲೋಸ್ಟೈಲಿನ ಇಂಕು. ಪಾಠದ ಹಾಳೆಗಳ ಪ್ರತಿ ನಾನೇ ತೆಗೆಯಬೇಕು.

ಕೆಲವು ಬೆಳಿಗ್ಗೆ ಇಲ್ಲಿಯೂ ಕಾದ ರಬ್ಬರಿನ ವಾಸನೆ ಬಂದ ಹಾಗಾಗುತ್ತದೆ. ಮನೆ ನೆನಪಾಗುತ್ತದೆ.

ಪರೀಕ್ಷೆಯ ವಿಷಯ ನೀನೂ ಅಪ್ಪಚ್ಚನೂ ಕೂತು ಮಾತಾಡಿ. ಅವರನ್ನು ನೋಯಿಸಬೇಡ. ಅಷ್ಟೆ ನಾನು ಹೇಳುವುದು.

ನಿನ್ನ ಅಣ್ಣ, ಬೇಸಿಲ್


ನರಸಿಂಹರಾಜಪುರ
೨೮ ಆಗಸ್ಟ್ ೨೦೦೫

ಬೇಸಿಲ್ ಚೇಟ್ಟಾ,

ಪ್ರಶ್ನೆ ನಿನ್ನೆ ಶನಿವಾರದ ವಾದದ ಮೇಜಿಗೆ ಬಂತು. ತೀರ್ಪೂ ಆಯಿತು. ನಾನು ಪರೀಕ್ಷೆ ಕಟ್ಟುವುದಿಲ್ಲ.

ಹೇಗೆ ಎಂದು ಬರೆಯುತ್ತೇನೆ. ನೀನಿದ್ದಾಗಿನ ನಿಯಮವೇ ಈಗಲೂ. ಜಗಳವಾಡುವ ಇಬ್ಬರೂ ಪಕ್ಷ ಅದಲುಬದಲು ಮಾಡಿಕೊಳ್ಳಬೇಕು. ತನ್ನ ಮಾತನ್ನು ಎದುರಿನವನ ಬಾಯಲ್ಲಿ ಕೇಳಬೇಕು. ಕಿಗ್ಗದ ತ್ರ್ಯಂಬಕ ಭಟ್ಟರೇ ನಿನ್ನೆಯೂ ತೀರ್ಪುಗಾರರು. ಅವರು ಸಂಸ್ಕೃತ ಮೇಷ್ಟ್ರಾಗಿದ್ದಾಗ ಅಪ್ಪಚ್ಚನೂ ಅವರೂ ಬಸ್ಸಿನಲ್ಲಿ ಸಿಕ್ಕಿ, ಲೋಕ ಹೇಗೆ ಹುಟ್ಟಿತು ಎಂದು ಕೊಪ್ಪದಿಂದ ವಾದ ಶುರುಮಾಡಿ, ಹರಿಹರಪುರದಲ್ಲಿ ಇಳಿಯಬೇಕಾದ ಅಪ್ಪಚ್ಚನ್ ಕಿಗ್ಗದವರೆಗೆ ಹೋದ ಕಥೆ ನಿನ್ನೆ ಮತ್ತೆ ಹೇಳಿದರು. "ಎದುರಿನವನ ಮಾತನ್ನ ಅವನಿಗಿಂತ ಚಂದ ಹೇಳ್ಲಿಕ್ಕೆ ಬಾರದವ ಅದನ್ನ ಅಲ್ಲಗಳೀಲಿಕ್ಕೂ ಲಾಯಕ್ಕಲ್ಲ. ನಮ್ಮಲ್ಲಿ ಅದಕ್ಕೆ ಪೂರ್ವಪಕ್ಷ ಅಂತ. ನಿಮ್ಮಪ್ಪ ಅದನ್ನ ನನ್ನಿಂದ ಕದ್ದು ಶಿಲುಬೆ ತೊಡಿಸಿದಾರೆ" ಎಂದರು. ಅಪ್ಪಚ್ಚನ್ ಸೇರಿಸಿದ ನಿಯಮ ಎರಡೇ. ಬೇಕೆಂದೇ ದುರ್ಬಲವಾಗಿ ವಾದಿಸಿದರೆ ಅದು ಸುಳ್ಳುಸಾಕ್ಷಿ, ದೇವರ ಆಜ್ಞೆ ಮೀರಿದ ಪಾಪ. ಮತ್ತು ತೀರ್ಪಾದದ್ದು ಮೂರು ವರ್ಷ ಮತ್ತೆ ಮೇಜಿಗೆ ಬರುವಂತಿಲ್ಲ. ಈ ಎರಡನೆಯದು ನಿನ್ನ ಕೃಪೆ. ನೀನು ಪ್ರತಿ ಶನಿವಾರ ಸೈಕಲ್ ಬೇಕೆಂದು ಎತ್ತುತ್ತಿದ್ದೆಯಲ್ಲ.

ಹಾಗಾಗಿ ಅಪ್ಪಚ್ಚನ್ ನಾನು ಪರೀಕ್ಷೆ ಕಟ್ಟಲಿ ಎಂದು ವಾದಿಸಿದರು. ಅಬ್ಬಾ ಅನ್ನಿಸಿತು. ಕಂಡಕ್ಟರ್ ಕೆಲಸವನ್ನೂ ಬಿಡಲಿಲ್ಲ. "ಕರ್ತನು ಒಂದೂರಲ್ಲಿ ಕೂರಲಿಲ್ಲ. ಜನರ ನೂಕುನುಗ್ಗಲಿನಲ್ಲಿ ನಡೆದನು. ಕುಂಟನಿಗೆ ಕೈಕೊಟ್ಟು ಹತ್ತಿಸುವುದು, ಬಸುರಿಗೆ ಸೀಟು ಬಿಡಿಸುವುದು ಲ್ಯಾಟಿನ್ನಿಗಿಂತ ಸಣ್ಣ ಸೇವೆಯೇನು?" ಎಂದರು. ಒಳಗೆ ಅಮ್ಮ ಕಾಯಿ ತುರಿಯುವುದು ನಿಲ್ಲಿಸಿದ್ದು ನನಗೆ ಕೇಳಿಸಿತು.

ನಾನು ಪರೀಕ್ಷೆ ಬೇಡ ಎಂದು ವಾದಿಸಬೇಕಿತ್ತು. ವಾದಿಸಿದೆ. ಅಪ್ಪಚ್ಚನ್ ಕೊನೆಗೆ ಒಂದು ಸವಾಲು ಹಾಕಿದರು. "ಕೈಯಲ್ಲಿ ಕಾಗದವಿಲ್ಲದವನಿಗೆ ಈ ಲೋಕ ನಿಲ್ಲಲು ಜಾಗ ಕೊಡುತ್ತದೆಯೇ? ಒಬ್ಬ ಸಾಕ್ಷಿಯನ್ನು ತೋರಿಸು." ಅದು ನನ್ನದೇ ಪ್ರಶ್ನೆ. ನಾನು ನಿನಗೆ ಕೇಳಿದ್ದು. ಉತ್ತರ, ಅಂದರೆ ನಿನ್ನ ಪತ್ರ, ನನ್ನ ಬೈಬಲಿನೊಳಗೆ ಇತ್ತು. ತೆಗೆಯದೆ ಇರಬಹುದಿತ್ತು. ಆದರೆ ಇರುವ ಸಾಕ್ಷಿಯನ್ನು ಮುಚ್ಚಿಟ್ಟು ಸೋಲುವುದು ಸುಳ್ಳಲ್ಲವೇ? ತೆಗೆದು ಓದಿದೆ.

ಭಟ್ಟರು ಕೇಳಿದರು, "ಈ ಸಾಕ್ಷಿಯನ್ನ ನೀನು ನಂಬ್ತೀಯೇನೇ?"

"ನಂಬುತ್ತೇನೆ" ಅಂದೆ. ನಂಬಿದ್ದೆ.

ಗೆದ್ದವಳು ನಾನೇ ಎಂದು ಭಟ್ಟರು ತೀರ್ಪು ಕೊಟ್ಟರು. ಅಪ್ಪಚ್ಚನ ಕಣ್ಣು ತುಂಬಿತ್ತು. ಸೋತವರ ಮುಖದಲ್ಲಿ ಅಷ್ಟು ಸಂತೋಷ ನಾನು ನೋಡಿಲ್ಲ. ಕಾಫಿ ಲೋಟ ತೆಗೆದುಕೊಳ್ಳುವಾಗ ಭಟ್ಟರು ಮೆಲ್ಲಗೆ, "ಕೂಸೇ, ನಾನು ಎಂತ ಮಾಡಲಿ. ನೀನೇ ಚಂದ ಹೇಳಿದ್ದು" ಎಂದರು.

ನಿನ್ನ ಮೇಲೆ ಸಿಟ್ಟಿಲ್ಲ. ನಿಜವಾದ ಮಾತಿಗೆ ಸೋತಿದ್ದೇನೆ. ಅದರ ಜೊತೆ ಬದುಕಬಹುದು.

ಲಿಸ್ಸಿ


ಪುಣೆ
೧೯ ಸೆಪ್ಟೆಂಬರ್ ೨೦೦೫

ಲಿಸ್ಸಿ,

ಆ ಪತ್ರ ನಿನಗೆ ಬರೆದದ್ದು, ಮೇಜಿಗೆ ಬರೆದದ್ದಲ್ಲ. ಓದುವ ಮೊದಲು ಒಂದು ಮಾತು ನನ್ನನ್ನು ಕೇಳಬಾರದಿತ್ತೆ?

ತೀರ್ಪು ಬದಲಿಸಲು ಏನೂ ದಾರಿ ಇಲ್ಲವೇ? ಭಟ್ಟರನ್ನು ವಿಚಾರಿಸು. ನನಗೆ ಜ್ವರ, ಹೆಚ್ಚು ಬರೆಯಲಾರೆ.

ಬೇಸಿಲ್


ನರಸಿಂಹರಾಜಪುರ
೧೬ ಅಕ್ಟೋಬರ್ ೨೦೦೫

ಚೇಟ್ಟಾ,

ನಿನ್ನ ಪತ್ರ ಓದಿ, ನನ್ನ ಬಗ್ಗೆ ಮರುಕಪಟ್ಟು ಹೀಗೆ ಬರೆದಿದ್ದೀಯ ಅಂದುಕೊಂಡೆ. ಎಂಥಾ ದಡ್ಡಿ ನಾನು.

ನಿನ್ನ ಸಮಾಧಾನಕ್ಕೆಂದೇ ಅಮ್ಮನಿಗೆ ಹೇಳಿ ಕಿಗ್ಗಕ್ಕೆ ಹೋದೆ. ಕೊಪ್ಪದಲ್ಲಿ ಬಸ್ ಬದಲಿಸಿ, ಶೃಂಗೇರಿಯಲ್ಲಿ ಇನ್ನೊಂದು ಹಿಡಿದು. ಇಡೀ ದಾರಿ ಕಂಡಕ್ಟರನ ಪಕ್ಕದ ಸೀಟಿನಲ್ಲೇ ಕೂತೆ. ಭಟ್ಟರು ಹೇಳಿದ್ದು ಇಷ್ಟು. "ಸಾಕ್ಷಿ ಹೇಳಿದವ ತಾನೇ ಬಂದು ಆ ಮಾತು ವಾಪಸ್ ತಗೊಂಡ್ರೆ ತೀರ್ಪು ಬಿದ್ದುಹೋಗ್ತದೆ. ಮೂರು ವರ್ಷದ ಲೆಕ್ಕ ಅದಕ್ಕಿಲ್ಲ. ಬೇರೆಯವರು ಹೇಳಿದ್ರೆ ಅದು ಚಾಡಿ." ನಾನು ನಕ್ಕುಬಿಟ್ಟೆ. ನಿಜವನ್ನು ಯಾರು ವಾಪಸ್ ತೆಗೆದುಕೊಳ್ಳುತ್ತಾರೆ, ಹಾಗಾದರೆ ದಾರಿಯೇ ಇಲ್ಲ ಅಂದೆ.

ಬರುವಾಗ ಕೊಪ್ಪ ಸ್ಟ್ಯಾಂಡಿನಲ್ಲಿ ಬಾಳೆಹೊನ್ನೂರಿನ ರೇಣುಕಪ್ಪ ಸಿಕ್ಕಿದರು. ಶುಂಠಿ ಲಾರಿಯ ರೇಣುಕಪ್ಪ, ನಮ್ಮ ಶೀಟೂ ಒಮ್ಮೊಮ್ಮೆ ಹೇರುತ್ತಿದ್ದವರು.

"ನೀನು ಕುರಿಯನ್ ಸಾರ್ ಮಗಳಲ್ವಾ? ನಿಮ್ಮಣ್ಣ ಎಂಥಾ ಕೆಲಸಗಾರ ಮಾರಾಯ್ತಿ. ಪುಣೆ ಹತ್ರ ನನ್ನ ಎರಡು ಟಯರ್ ಕೈಕೊಟ್ವು. ಹಳೇ ಟಯರಿಗೆ ಹೊಸ ರಬ್ಬರ್ ಕೂರಿಸೋ ಒಂದು ಶೆಡ್ಡಿಗೆ ಹೋದ್ರೆ ಅಲ್ಲಿ ಕಪ್ಪು ಮೈ ಮಾಡ್ಕೊಂಡು ನಿಮ್ಮಣ್ಣ. ನಾಲ್ಕು ವರ್ಷದಿಂದ ಅಲ್ಲೇ ಅಂತೆ. ಬಿಸಿ ಟಯರ್ ಎಳೀತಾ ಎಂಥದೋ ಮಂತ್ರ ಹೇಳ್ತಾನೆ. ಲ್ಯಾಟಿನ್ ಅಂತೆ. ಆಶೀರ್ವಾದ ಮಾಡಿದ ಟಯರು ನೋಡು, ಇವತ್ತಿನವರೆಗೆ ಪಂಕ್ಚರಿಲ್ಲ."

ಆಮೇಲೆ ಗಂಟಲು ಸರಿಮಾಡಿಕೊಂಡು, "ಮನೇಲಿ ಹೇಳ್ಬೇಡಿ ಅಂದಿದ್ದ. ನೀನು ತಂಗಿಯಲ್ವಾ, ನಿನ್ನ ಹತ್ರ ಹೇಳಿದ್ರೆ ಎಂತ ಆಗ್ತದೆ" ಎಂದರು.

ಚೇಟ್ಟಾ, ಟಯರ್ ಕೆಲಸದಲ್ಲಿ ನಾಚಿಕೆ ಯಾಕೆ? ಸೀಟಿ ಊದಬೇಕು ಅಂದವಳು ನಾನು. ನನ್ನ ಹತ್ತಿರ ನಾಚಿಕೆ ಯಾಕೆ? ಒಂದೇ ಒಂದು ಸಾಲು ನಿಜ ಬರೆದಿದ್ದರೆ ಸಾಕಿತ್ತು. ನಿನ್ನ ಪತ್ರ ಓದಿ ನಾನೇ ನನ್ನನ್ನು ಕಟ್ಟಿಹಾಕಿಕೊಂಡೆ. ಸುಳ್ಳಿಗೆ ಸೋತೆ. ಅದರ ಜೊತೆ ಬದುಕಲು ಆಗುವುದಿಲ್ಲ.

ನವೆಂಬರ್ ಅರ್ಧದವರೆಗೆ ಅರ್ಜಿ ತೆಗೆದುಕೊಳ್ಳುತ್ತಾರೆ. ಅಪ್ಪಚ್ಚನಿಗೆ ನೀನೇ ಬರೆ, ಮಲಯಾಳದಲ್ಲಿ ಬರೆ. ನಾನಾಗಿ ಹೇಳುವುದಿಲ್ಲ. ನಾನು ಹೇಳಿದರೆ ಅದು ಚಾಡಿ, ಮತ್ತು ಅವರು ಎಂದಿನಂತೆ ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ. ಆದರೆ ನನ್ನನ್ನು ಯಾರಾದರೂ ನೇರವಾಗಿ ಕೇಳಿದರೆ ಸುಳ್ಳು ಹೇಳುವವಳು ನಾನಲ್ಲ. ಅದು ನಿನಗೆ ಗೊತ್ತಿರಲಿ.

ಲಿಸ್ಸಿ


ನರಸಿಂಹರಾಜಪುರ
೧೩ ನವೆಂಬರ್ ೨೦೦೫

ಚೇಟ್ಟಾ,

ಪೋಸ್ಟ್‌ಮ್ಯಾನ್ ಶೇಷಪ್ಪ ಈಗ ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಇಲ್ಲ ಎಂದು.

ವಾಸಪ್ಪ ಮೇಷ್ಟ್ರು ಸ್ಕೂಟರಿನಲ್ಲಿ ಮನೆಗೇ ಬಂದಿದ್ದರು. ಅಪ್ಪಚ್ಚನ್ ಕಾಫಿ ಕೊಡಿಸಿ, ಈ ವಿಷಯ ತೀರ್ಪಾಗಿದೆ ಎಂದರು. "ಮನೆ ಒಳಗಿನ ತೀರ್ಪು ಬೋರ್ಡಿನವರಿಗೆ ಗೊತ್ತಿರೋದಿಲ್ಲ ಸಾರ್" ಎಂದರು ಮೇಷ್ಟ್ರು. ಅಪ್ಪಚ್ಚನ್ ನಕ್ಕು, ವಾದಿಸಿ ಗೆದ್ದವಳು ಅವಳೇ, ಅವಳನ್ನೇ ಕೇಳಿ ಎಂದರು. ಮೇಷ್ಟ್ರು ನನ್ನನ್ನು ನೋಡಿದರು. ಗೆದ್ದದ್ದು ಹೌದು ಅಂದೆ. ಅದು ನಿಜ ತಾನೆ.

ಗೇಟಿನ ಹತ್ತಿರ ಅವರು, ದಂಡ ಕಟ್ಟಿದರೆ ಡಿಸೆಂಬರ್ ಕೊನೆವರೆಗೆ ಸಮಯ ಇದೆ ಎಂದರು. "ಅದು ಕಳೆದ್ರೆ ನನ್ನ ಕೈಯಲ್ಲಿ ಏನೂ ಇಲ್ಲ."

ನೀನು ಬದುಕಿದ್ದೀಯ ಎಂದಾದರೂ ಬರೆ.

ಲಿಸ್ಸಿ


ಪುಣೆ
೨೭ ನವೆಂಬರ್ ೨೦೦೫

ಲಿಸ್ಸಿ,

ಬದುಕಿದ್ದೇನೆ.

ರೇಣುಕಪ್ಪ ಹೇಳಿದ್ದೆಲ್ಲ ನಿಜ. ಬಂದ ಹೊಸದರಲ್ಲಿ ಸೆಮಿನರಿಗೆ ಹೋಗಿದ್ದೆ. ಇಬ್ಬರು ಪಾದ್ರಿಗಳು ನನ್ನ ಲ್ಯಾಟಿನ್ ಕೇಳಿ ಆಶ್ಚರ್ಯಪಟ್ಟರು. ಒಬ್ಬರು ಎದ್ದು ಬಂದು ಬೆನ್ನು ತಟ್ಟಿದರು. ಚಹ ಕೊಟ್ಟರು. ಆಮೇಲೆ ಸರ್ಟಿಫಿಕೇಟ್ ಕೇಳಿದರು. ಗೇಟಿನವರೆಗೆ ಬಂದು ಬೀಳ್ಕೊಟ್ಟರು, ಅಷ್ಟು ಒಳ್ಳೆಯವರು. ಅದೇ ವಾರ ಅಪ್ಪಚ್ಚನ ಪತ್ರ ಬಂತು. ಸೇರಿಸಿಕೊಂಡರೇ ಎಂದು ಕೇಳಿದ್ದರು. ಹೌದು ಎಂದು ಬರೆದೆ. ಆಮೇಲೆ ಪ್ರತಿ ಪತ್ರದಲ್ಲೂ ಅದಕ್ಕೆ ಇನ್ನೊಂದು ಇಟ್ಟಿಗೆ ಸೇರಿಸಬೇಕಾಯಿತು. ಪಾಠ ಹೇಳುವವನಾದೆ. ಬೆಂಚುಗಳನ್ನು ತುಂಬಿಸಿದೆ.

ನಿನ್ನ ಅಕ್ಟೋಬರಿನ ಪತ್ರಕ್ಕೆ ಉತ್ತರ ಹಲವು ಸಲ ಶುರುಮಾಡಿದೆ. ಪ್ರತಿ ಸಲ ಅದು ಚೆನ್ನಾಗಿ ಬರುತ್ತಿತ್ತು. ಅಷ್ಟು ಚೆನ್ನಾಗಿ ಬಂದದ್ದು ನಿಜವಿರಲಾರದು ಎಂದು ಹರಿದು ಹಾಕಿದೆ.

ಅಪ್ಪಚ್ಚನಿಗೆ ಇದನ್ನು ಕಾಗದದಲ್ಲಿ ಬರೆಯಲಾರೆ. ಕ್ರಿಸ್ಮಸ್ಸಿಗೆ ಬರುತ್ತೇನೆ. ಪ್ರಾರ್ಥನಾ ಸಭೆಯಲ್ಲಿ ಎದ್ದು ನಿಂತು ನನ್ನ ಬದುಕಿನ ಸಾಕ್ಷಿ ಹೇಳಬೇಕೆಂದು ಅವರು ಬರೆದಿದ್ದಾರೆ. ಸಭೆಯ ಪೌಲೋಸ್ ತನ್ನ ಮಗಳು ಜಿನ್ಸಿಯನ್ನು ಎಂಟನೇ ಕ್ಲಾಸಿನಿಂದ ಬಿಡಿಸಿ ನಿಮ್ಮ ಮೇಜಿಗೆ ಕಳಿಸಬೇಕೆಂದಿದ್ದಾನಂತೆ, ನನ್ನ ಮಾತು ಕೇಳಿ ತೀರ್ಮಾನಿಸುತ್ತಾನಂತೆ. ಅದಕ್ಕೆ ಮುಂಚೆಯೇ, ಮೇಜಿನಲ್ಲಿ ಅಪ್ಪಚ್ಚನ ಎದುರು ಕೂತು ಎಲ್ಲ ಹೇಳುತ್ತೇನೆ. ಆಮೇಲೂ ನಿನ್ನ ಅರ್ಜಿಗೆ ದಿನ ಉಳಿದಿರುತ್ತದೆ. ಮಾತು ಕೊಟ್ಟಿದ್ದೇನೆ. ಅಲ್ಲಿಯವರೆಗೆ ಸುಮ್ಮನಿರು.

ಬೇಸಿಲ್


ನರಸಿಂಹರಾಜಪುರ
೩೧ ಡಿಸೆಂಬರ್ ೨೦೦೫

ಬೇಸಿಲ್ ಚೇಟ್ಟಾ,

ಇವತ್ತು ಕೊನೆಯ ದಿನವಾಗಿತ್ತು. ವಾಸಪ್ಪ ಮೇಷ್ಟ್ರ ಆಫೀಸಿನ ಬಾಗಿಲು ಹಾಕುವವರೆಗೆ ಎದುರಿನ ಅಂಗಡಿಯ ಕಟ್ಟೆಯಲ್ಲಿ ಕೂತಿದ್ದೆ. ಯಾಕೆ ಕೂತೆ ಗೊತ್ತಿಲ್ಲ. ಅವರು ಬೀಗ ಹಾಕಿ ನನ್ನನ್ನು ನೋಡಿದರು. ಸ್ಕೂಟರ್ ಹತ್ತಿದರು.

ನೀನು ನೋಡಿದ್ದನ್ನು ನಿನಗೆ ಬರೆಯುವುದು ದಂಡ. ನಾನು ನೋಡಿದ್ದನ್ನು ಬರೆಯುತ್ತೇನೆ.

ನೀನು ಬರುವ ವಾರ ಅಪ್ಪಚ್ಚನ್ ಹೊಗೆಮನೆಯ ಗೋಡೆಗೆ ಸುಣ್ಣ ಬಳಿದರು, ಒಬ್ಬರೇ. ಬಸ್ ಸ್ಟ್ಯಾಂಡಿಗೆ ತುಂಬ ಮುಂಚೆ ಹೋಗಿ ನಿಂತರು. ನೀನು ಇಳಿದಾಗ ನಿನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅಂಗೈ ಮೇಲೆ ಮಾಡಿ ಹೆಬ್ಬೆರಳಿನಿಂದ ಸವರಿದರು. ಎಷ್ಟು ಪ್ರೀತಿ ಎಂದು ನನಗೆ ಅಳು ಬಂತು. ನೀನು ಕಪ್ಪು ಹೋಗಲೆಂದು ಉಗುರನ್ನು ನಿಂಬೆಹಣ್ಣಿನಲ್ಲಿ ಉಜ್ಜಿಕೊಂಡು ಬಂದಿದ್ದೆ, ಹತ್ತಿರ ಬಂದಾಗ ವಾಸನೆ ತಿಳಿಯಿತು.

ಶನಿವಾರ ಮೇಜಿನಲ್ಲಿ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಒಂದು ಸಲ ಬಾಯಿ ತೆರೆದೆ. ಅಪ್ಪಚ್ಚನ್ ತಕ್ಷಣ, ಇವತ್ತು ವಾದ ಬೇಡ, ಹಬ್ಬ, ಹಾಡೋಣ ಎಂದರು. ನೀನು ಹಾಡಿದೆ.

ಭಾನುವಾರ, ಕ್ರಿಸ್ಮಸ್ ಸಭೆಯಲ್ಲಿ, ನೀನು ಎದ್ದು ನಿಂತೆ. ಮೊದಲು ಮೌನ, ಆಮೇಲೆ ಮೆಲ್ಲನೆ ದನಿ, ಎಲ್ಲ ಅಪ್ಪಚ್ಚನ್ ಹೇಳಿಕೊಟ್ಟಂತೆ. "ನನ್ನ ತಂದೆ ನನಗೆ ಕೊಟ್ಟದ್ದನ್ನು ಯಾವ ಶಾಲೆಯೂ ಕೊಡಲಾರದು" ಎಂದೆ. ಮುಂದಿನ ಮಾತು "ಆದರೆ" ಎಂದು ನಾನು ಬೆಂಚಿನ ಅಂಚು ಹಿಡಿದು ಕಾದೆ. ಅದು ಬರಲೇ ಇಲ್ಲ. ಸೆಮಿನರಿ ಬಂತು, ಬೆಂಚು ತುಂಬ ಹುಡುಗರು ಬಂದರು. ಅವರಲ್ಲೊಬ್ಬ ಅನಾಥ ಹುಡುಗ ನಿನ್ನ ಬಾಯಲ್ಲಿ ಕೀರ್ತನೆ ಕೇಳಿ ಅತ್ತದ್ದೂ ಬಂತು. ಆ ಹುಡುಗನಿಗೆ ಹೆಸರೂ ಇಟ್ಟಿದ್ದೆ. ಪೌಲೋಸ್ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಅದಕ್ಕೇ ನನಗೆ ಭಯವಾದದ್ದು. ಸುಳ್ಳೆಂದು ಗೊತ್ತಿದ್ದೂ ಒರೆಸಿಕೊಂಡೆ.

ಆಮೇಲೆ ಸಭೆ ನಡೆಸುತ್ತಿದ್ದ ಉಪದೇಶಿಗಳು ಬೇರೆ ಯಾರಿಗಾದರೂ ಸಾಕ್ಷಿ ಹೇಳುವುದಿದೆಯೇ ಎಂದು ಕೇಳಿದರು. ನಾನು ಎದ್ದೆ. ನೀನು ತಲೆ ತಗ್ಗಿಸಿದ್ದೆ. ಅಪ್ಪಚ್ಚನ್ ತಿರುಗಿ ನನ್ನನ್ನು ನೋಡಿದರು. ಆ ಮುಖದಲ್ಲಿ ಸಂತೋಷವಿರಲಿಲ್ಲ ಚೇಟ್ಟಾ. ಬೇಡ ಎಂದು ಕೇಳಿಕೊಳ್ಳುವ ಹಾಗಿತ್ತು. ಅದೇನೆಂದು ನನಗೆ ಅರ್ಥವಾಗಲಿಲ್ಲ. ಎಲ್ಲರೂ ಕಾಯುತ್ತಿದ್ದರು.

"ನನಗೆ ಹೇಳಲು ಏನೂ ಇಲ್ಲ" ಅಂದೆ. ಕೂತೆ.

ಇನ್‌ಸ್ಪೆಕ್ಟರ್ ಮುಂದೆ ಹೇಳದ ಸುಳ್ಳನ್ನು ದೇವರ ಮುಂದೆ ಹೇಳಿದೆ. ಅದು ನನ್ನ ಮೊದಲನೆಯದು.

ಈಗ ನಿಯಮದಂತೆ ನಿನ್ನ ಪಕ್ಷವನ್ನು ನಾನು ಹೇಳುತ್ತೇನೆ. ತಪ್ಪಿದ್ದರೆ ತಿದ್ದು.

ನೀನು ಹೇಡಿಯಲ್ಲ. ಹೇಳಬೇಕೆಂದೇ ಬಂದೆ. ಆದರೆ ಸುಣ್ಣ ಬಳಿದ ಗೋಡೆ ನೋಡಿದೆ. ಆ ಮುದುಕ ಬೇರೆ ಏನನ್ನೂ ಗಳಿಸಿಲ್ಲ. ಪಾದ್ರಿಯಾಗಲು ಹೋಗಿ ಅರ್ಧಕ್ಕೆ ಬಿಟ್ಟುಬಂದ, ತೋಟವೂ ಅಷ್ಟಕ್ಕಷ್ಟೆ. ಅವನ ಆಯುಷ್ಯದ ಪುರಾವೆ ನೀನೊಬ್ಬ. ನಿಜ ಹೇಳಿದರೆ ಅವನು ಕಲಿಸಿದ್ದೆಲ್ಲ ಸುಳ್ಳಾಗುತ್ತದೆ, ನಿನ್ನೊಳಗಿನ ಲ್ಯಾಟಿನ್ನೂ ಸುಳ್ಳಾಗುತ್ತದೆ. ಬಿಸಿ ಟಯರ್ ಎಳೆಯುವಾಗ ನಿನಗಿರುವುದು ಅದೊಂದೇ. ಒಂದು ಕಡೆ ಅಪ್ಪನ ಆಯುಷ್ಯ, ಇನ್ನೊಂದು ಕಡೆ ತಂಗಿಯ ಒಂದು ಪರೀಕ್ಷೆ. ತಂಗಿ ಗಟ್ಟಿಗಿತ್ತಿ, ಹೇಗೋ ಬದುಕಿಕೊಳ್ಳುತ್ತಾಳೆ ಅಂದುಕೊಂಡೆ.

ಇದು ನಿನ್ನ ಪಕ್ಷ. ಸರಿಯಾಗಿ ಹೇಳಿದೆನಾ?

ಲಿಸ್ಸಿ


ಪುಣೆ
೨೨ ಜನವರಿ ೨೦೦೬

ಲಿಸ್ಸಿ,

ಸರಿಯಾಗಿ ಹೇಳಿದೆ. ನಾನು ಹೇಳಿಕೊಂಡಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ಈಗ ನಿನ್ನದು ಹೇಳು. ಕೇಳುತ್ತೇನೆ.

ಬೇಸಿಲ್


ನರಸಿಂಹರಾಜಪುರ
೨೭ ಮಾರ್ಚ್ ೨೦೦೬

ಚೇಟ್ಟಾ,

ಎರಡು ತಿಂಗಳು ಯಾಕೆ ಬರೆಯಲಿಲ್ಲ ಎಂದರೆ, ನನ್ನ ಪಕ್ಷವನ್ನು ನಾನೇ ಹೇಳುವುದು ಈ ಮನೆಯ ನಿಯಮವಲ್ಲ. ನಿನ್ನದನ್ನು ನಾನು ಹೇಳಿದೆ. ನನ್ನದನ್ನು ನೀನು ಹೇಳಬೇಕಿತ್ತು, ಕ್ರಿಸ್ಮಸ್ ದಿನ, ಎದ್ದು ನಿಂತಾಗ. ಅದನ್ನು ನಿನಗಿಂತ ಚೆನ್ನಾಗಿ ಹೇಳುವವರು ಯಾರೂ ಇರಲಿಲ್ಲ.

ಹಾಗಾಗಿ ವಾದವಿಲ್ಲ. ಸಂಗತಿ ಮಾತ್ರ.

ಇವತ್ತು ಎಸ್ಸೆಸ್ಸೆಲ್ಸಿ ಶುರುವಾಯಿತು. ಕೊಪ್ಪದ ಬಸ್ಸು ಹೋಗುವಾಗ ಕಿಟಕಿಯಲ್ಲೆಲ್ಲ ಪ್ಯಾಡು ಹಿಡಿದ ಹುಡುಗಿಯರಿದ್ದರು. ಕೆಲವರು ನನ್ನ ಕ್ಲಾಸಿನವರು. ನಾನು ಬೇಲಿ ಹತ್ತಿರ ರಬ್ಬರ್ ಹಾಲು ಹಿಡಿಯುವ ಚಿಪ್ಪು ತೊಳೆಯುತ್ತಿದ್ದೆ. ಒಬ್ಬಳು ಕೈ ಬೀಸಿದಳು. ನಾನೂ ಬೀಸಿದೆ.

ಆಮೇಲೆ ಮೇಜಿಗೆ ಹೋದೆ. ಜಿನ್ಸಿ ಈಗ ನನ್ನ ಎದುರಿಗೆ ಕೂರುತ್ತಾಳೆ. ಹೊಸ ವರ್ಷಕ್ಕೆ ಪೌಲೋಸ್ ಬಿಡಿಸಿದರು. ಮೊದಮೊದಲು ಅಳುತ್ತಿದ್ದಳು. ಈಗ ಇಲ್ಲ. ಚುರುಕು, ನನಗಿಂತ ಬೇಗ ಬಾಯಿಪಾಠ ಮಾಡುತ್ತಾಳೆ. ಇವತ್ತು ಅವಳೂ ಬಸ್ಸು ನೋಡಿಕೊಂಡು ಬಂದಿದ್ದಳು ಅನ್ನಿಸುತ್ತದೆ, ಪಾಠದಲ್ಲಿ ಮನಸ್ಸಿರಲಿಲ್ಲ. ಇದರಿಂದ ಮುಂದೆ ಏನಾಗುತ್ತದೆ ಎಂದು ಅಪ್ಪಚ್ಚನನ್ನು ಕೇಳಿದಳು. ಅವರು ಪುಸ್ತಕದಿಂದ ಕಣ್ಣೆತ್ತದೆ, "ಬೇಸಿಲನ್ನು ನೋಡು" ಎಂದರು. ಮಾತು ಸಣ್ಣಗಿತ್ತು. ಈಚೆಗೆ ಅವರು ಅದನ್ನು ಹಾಗೇ ಹೇಳುವುದು.

ಜಿನ್ಸಿ ನನ್ನ ಕಡೆ ತಿರುಗಿದಳು. "ಲಿಸ್ಸಿ ಚೇಚಿ, ನಿಮ್ಮಣ್ಣ ಅಲ್ಲಿ ಲ್ಯಾಟಿನ್ ಮೇಷ್ಟ್ರಾಗಿರುವುದು ನಿಜವಾ?"

ಇಷ್ಟು ದಿನ ನನ್ನನ್ನು ಯಾರೂ ಕೇಳಿರಲಿಲ್ಲ. ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದು ನಿನಗೆ ಬರೆದಿದ್ದೆ.

"ಇಲ್ಲ. ಟಯರ್ ಶೆಡ್ಡಿನಲ್ಲಿ ಕೂಲಿ" ಅಂದೆ.

ಅಪ್ಪಚ್ಚನ್ ಅಲ್ಲೇ ಇದ್ದರು. ಸಾಕ್ಷಿ ಎಲ್ಲಿ ಎಂದು ಕೇಳುತ್ತಾರೆ ಎಂದು ಕಾದೆ. ರೇಣುಕಪ್ಪನ ಹೆಸರು, ನಿನ್ನ ನವೆಂಬರಿನ ಪತ್ರ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ನಾಳೆ ಮಳೆ ಬರುತ್ತದೆ ಅಂದರೂ ಸಾಕ್ಷಿ ಕೇಳುವವರು ಅವರು.

ಕೇಳಲಿಲ್ಲ.

ಆಗ ನನಗೆ ಬಸ್ ಸ್ಟ್ಯಾಂಡಿನಲ್ಲಿ ಅವರು ನಿನ್ನ ಅಂಗೈ ಸವರಿದ್ದು ನೆನಪಾಯಿತು. ಆಯುಷ್ಯವೆಲ್ಲ ರಬ್ಬರ್ ಮುಟ್ಟಿದ ಬೆರಳು ಅದು. ಅವರ ಹತ್ತಿರ ನಿಂಬೆಹಣ್ಣು ಏನು ಮಾಡುತ್ತದೆ?

ಡಿಸೆಂಬರ್ ಮೂವತ್ತೊಂದರಂದು ನಾನು ಆ ಕಟ್ಟೆಯಲ್ಲಿ ಕೂತಿದ್ದಾಗ ಅವರಿಗೆ ಗೊತ್ತಿತ್ತು.

ಅಪ್ಪಚ್ಚನ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಜಿನ್ಸಿಯ ಪುಸ್ತಕದ ಮೇಲೆ ಬೆರಳಿಟ್ಟರು.

"ಮುಂದಿನ ಸಾಲು ಓದು" ಎಂದರು.

ಜಿನ್ಸಿ ನನ್ನನ್ನು ನೋಡಿದಳು. ಆಮೇಲೆ ಓದಿದಳು.

ಲಿಸ್ಸಿ